ಉಂಡ ಮನೆಯ ಜಂತೆ ಎಣಿಸಬೇಕಾದವರು: ವೈದ್ಯಕೀಯ ಜರ್ನಲ್‌ಗಳಲ್ಲಿ ಔಷಧ ಜಾಹೀರಾತು

2025ರ ಮೇ ತಿಂಗಳ ಕೊನೆಯಲ್ಲಿ ಅಮೆರಿಕದ ಆರೋಗ್ಯ ಸಚಿವ ರಾಬರ್ಟ್ ಎಫ್. ಕೆನಡಿ ಜೂನಿಯರ್ ಪಾಡ್‌ಕಾಸ್ಟ್ ಒಂದರಲ್ಲಿ ಆಡಿದ ಮಾತು ವೈದ್ಯಲೋಕವನ್ನು ತಬ್ಬಿಬ್ಬುಗೊಳಿಸಿತು. ‘ಲ್ಯಾನ್ಸೆಟ್’, ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’, ‘ಜಾಮಾ’ ಎಂಬ ಹೆಸರಾಂತ ವೈದ್ಯಕೀಯ ಸಂಶೋಧನಾ ಜರ್ನಲ್‌ಗಳೆಲ್ಲ ಭ್ರಷ್ಟವಾಗಿವೆ, ಔಷಧ ಕಂಪನಿಗಳ ಹಿಡಿತದಲ್ಲಿವೆ, ಸರ್ಕಾರಿ ವಿಜ್ಞಾನಿಗಳು ಅವುಗಳಲ್ಲಿ ಪ್ರಬಂಧ ಪ್ರಕಟಿಸುವುದನ್ನು ಬಹುಶಃ ನಿಲ್ಲಿಸುತ್ತೇವೆ, ಬೇಕಾದರೆ ಸರ್ಕಾರದಿಂದಲೇ ಜರ್ನಲ್ ಹೊರಡಿಸುತ್ತೇವೆ ಎಂಬುದು ಆ ಮಾತಿನ ತಾತ್ಪರ್ಯ.

ಸುದ್ದಿ ಓದಿದವರಿಗೆ ಗೊಂದಲವಾದದ್ದು ಸಹಜ. ಕೆನಡಿ ಅವರು ಲಸಿಕೆಗಳ ಸುರಕ್ಷತೆಯನ್ನು ವರ್ಷಗಟ್ಟಲೆ ಪ್ರಶ್ನಿಸುತ್ತ ವಿಜ್ಞಾನಿಗಳ ವಿರೋಧ ಕಟ್ಟಿಕೊಂಡವರು. ಹೇಳಿದವರ ಮುಖ ನೋಡಿ ಹಲವರು ಆರೋಪವನ್ನೇ ತಳ್ಳಿಹಾಕಿದರು. ಆದರೆ ಹೆಚ್ಚೂಕಡಿಮೆ ಇದೇ ಮಾತನ್ನು ಇಪ್ಪತ್ತು ವರ್ಷಗಳ ಹಿಂದೆಯೇ ಹೇಳಿದವರು ಆ ಜರ್ನಲ್‌ಗಳನ್ನು ನಡೆಸಿದ ಸಂಪಾದಕರು. ‘ನ್ಯೂ ಇಂಗ್ಲೆಂಡ್ ಜರ್ನಲ್’ನ ಮಾಜಿ ಸಂಪಾದಕಿ ಮಾರ್ಸಿಯಾ ಏಂಜೆಲ್ ಈ ವಿಷಯವನ್ನು ಬಿಡದೆ ಬರೆಯುತ್ತ ಬಂದಿದ್ದಾರೆ. ಔಷಧ ಉದ್ಯಮದ ಮಾಹಿತಿಯನ್ನು ಮಡಿ ಮಾಡಿಕೊಡುವ ಜಾಗವಾಗಿ ಜರ್ನಲ್‌ಗಳು ಇಳಿದಿವೆ ಎಂಬರ್ಥದ ಮಾತನ್ನು ‘ಲ್ಯಾನ್ಸೆಟ್’ ಸಂಪಾದಕ ರಿಚರ್ಡ್ ಹಾರ್ಟನ್ 2004ರಲ್ಲಿ ಬರೆದರು. ಮರುವರ್ಷ ಬ್ರಿಟನ್ನಿನ ವೈದ್ಯಕೀಯ ಜರ್ನಲ್ ‘ಬಿಎಂಜೆ’ಯ ಮಾಜಿ ಸಂಪಾದಕ ರಿಚರ್ಡ್ ಸ್ಮಿತ್ ಒಂದು ಹೆಜ್ಜೆ ಮುಂದೆ ಹೋಗಿ, ವೈದ್ಯಕೀಯ ಜರ್ನಲ್‌ಗಳು ಔಷಧ ಕಂಪನಿಗಳ ಮಾರಾಟ ವಿಭಾಗದ ಮುಂದುವರಿದ ಭಾಗ ಎಂದು ಲೇಖನದ ಶೀರ್ಷಿಕೆಯಲ್ಲೇ ಹೇಳಿದರು.

ಹಾಗಾದರೆ ಕೆನಡಿ ಹೇಳಿದ್ದು ಸರಿಯೇ? ಇಲ್ಲಿ ಎರಡು ಪ್ರಶ್ನೆಗಳು ಹೆಣೆದುಕೊಂಡಿವೆ. ಗುರುತಿಸಿದ ರೋಗ ನಿಜವೇ ಎಂಬುದು ಒಂದು, ಬರೆದುಕೊಟ್ಟ ಮದ್ದು ಸರಿಯೇ ಎಂಬುದು ಇನ್ನೊಂದು. ಬಿಡಿಸಿ ನೋಡಲು ಎಲ್ಲರ ಕಣ್ಣಿಗೂ ಕಾಣುವ ಜಾಗದಿಂದ, ಅಂದರೆ ಜರ್ನಲ್‌ನ ಜಾಹೀರಾತು ಪುಟದಿಂದ ಶುರು ಮಾಡುವುದು ಒಳ್ಳೆಯದು.

ಈ ಪುಟ ಯಾಕೆ ಬೇರೆ

ಔಷಧಕ್ಕೂ ಉಳಿದ ಸರಕಿಗೂ ಒಂದು ಮೂಲಭೂತ ವ್ಯತ್ಯಾಸವಿದೆ. ಸೋಪು ಕೊಳ್ಳುವವರೇ ಸೋಪು ಬಳಸುತ್ತಾರೆ. ಚೆನ್ನಾಗಿಲ್ಲದಿದ್ದರೆ ಮುಂದಿನ ಸಲ ಬೇರೆ ಕೊಳ್ಳುತ್ತಾರೆ. ವೈದ್ಯರ ಚೀಟಿ ಬೇಕಾದ ಔಷಧದಲ್ಲಿ ಆರಿಸುವವರು ವೈದ್ಯರು, ನುಂಗುವವರು ರೋಗಿ, ದುಡ್ಡು ಕೊಡುವವರು ರೋಗಿ ಅಥವಾ ವಿಮಾ ಕಂಪನಿ ಅಥವಾ ಸರ್ಕಾರ. ಆರಿಸಿದವರಿಗೆ ಅದರ ಬೆಲೆಯೂ ತಟ್ಟುವುದಿಲ್ಲ, ಅಡ್ಡಪರಿಣಾಮವೂ ತಟ್ಟುವುದಿಲ್ಲ. ಹಾಗಾಗಿ ಕಂಪನಿಗೆ ಒಲಿಸಿಕೊಳ್ಳಬೇಕಾದದ್ದು ವೈದ್ಯರನ್ನು. ಇಂಥ ಔಷಧಗಳನ್ನು ನೇರವಾಗಿ ಜನರಿಗೆ ಜಾಹೀರು ಮಾಡಲು ಅವಕಾಶ ಕೊಟ್ಟಿರುವ ದೊಡ್ಡ ದೇಶವೆಂದರೆ ಅಮೆರಿಕ. ನ್ಯೂಜಿಲೆಂಡ್‌ನಲ್ಲೂ ಅದು ಇದೆ. ಉಳಿದೆಡೆ ಸಾಮಾನ್ಯವಾಗಿ ನಿಷಿದ್ಧ. ಆದರೆ ವೈದ್ಯರು ಓದುವ ಜರ್ನಲ್‌ಗಳಲ್ಲಿ ಜಾಹೀರಾತಿಗೆ ಬಹುತೇಕ ಎಲ್ಲ ಕಡೆಯೂ ದಾರಿ ತೆರೆದಿದೆ. ವೈದ್ಯರು ಕಲಿತವರು, ಮರುಳಾಗುವುದಿಲ್ಲ ಎಂಬ ನಂಬಿಕೆಯೇ ಈ ವ್ಯವಸ್ಥೆಯ ತಳಪಾಯ. ಆ ನಂಬಿಕೆಗೆ ಎಷ್ಟು ಬಲವಿದೆ ಎಂಬುದನ್ನು ಮುಂದೆ ನೋಡೋಣ.

ಜರ್ನಲ್ ಒಂದಕ್ಕೆ ದುಡ್ಡು ಬರುವ ದಾರಿಗಳು ಹಲವು: ಗ್ರಂಥಾಲಯಗಳ ಮತ್ತು ಸದಸ್ಯರ ಚಂದಾ, ಜಾಹೀರಾತು, ಪ್ರಕಟವಾದ ಪ್ರಬಂಧದ ಪ್ರತಿಗಳ ಸಗಟು ಮಾರಾಟ, ಕಂಪನಿಗಳು ಪ್ರಾಯೋಜಿಸುವ ವಿಶೇಷ ಪುರವಣಿಗಳು, ಇತ್ತೀಚೆಗೆ ಲೇಖಕರಿಂದಲೇ ಪಡೆಯುವ ಪ್ರಕಟಣಾ ಶುಲ್ಕ. ‘ಜಾಮಾ’ ಅಮೆರಿಕದ ವೈದ್ಯರ ಸಂಘದ್ದು, ‘ಬಿಎಂಜೆ’ ಬ್ರಿಟನ್ನಿನ ವೈದ್ಯರ ಸಂಘದ್ದು, ‘ನ್ಯೂ ಇಂಗ್ಲೆಂಡ್ ಜರ್ನಲ್’ ಮ್ಯಾಸಚುಸೆಟ್ಸ್ ವೈದ್ಯರ ಸಂಘದ್ದು. ‘ಲ್ಯಾನ್ಸೆಟ್’ ಮಾತ್ರ ಎಲ್ಸೆವಿಯರ್ ಎಂಬ ಖಾಸಗಿ ಪ್ರಕಾಶನ ಕಂಪನಿಯದ್ದು. ಅಂದರೆ ಹಲವು ಜರ್ನಲ್‌ಗಳ ಲಾಭ ಹೋಗಿ ಸೇರುವುದು ವೈದ್ಯರ ಸಂಘಗಳ ಖಜಾನೆಗೆ. ಜಾಹೀರಾತು ನಿಂತರೆ ನಷ್ಟ ಸಂಪಾದಕರ ಮೇಜಿನಲ್ಲೇ ಮುಗಿಯುವುದಿಲ್ಲ, ಸಂಘದ ಬಜೆಟ್ಟಿಗೂ ತಟ್ಟುತ್ತದೆ. ಸಂಪಾದಕರ ಮೇಲೆ ಒತ್ತಡ ಬರುವುದು ಈ ದಾರಿಯಿಂದ.

ಸಿಗರೇಟಿನ ಇಪ್ಪತ್ತು ವರ್ಷ

ಜಾಹೀರಾತಿನ ದುಡ್ಡು ಜರ್ನಲ್‌ನ ಕಣ್ಣಿಗೆ ಎಷ್ಟರ ಮಟ್ಟಿಗೆ ಪರದೆ ಹಾಕಬಲ್ಲದು ಎಂಬುದಕ್ಕೆ ಸಿಗರೇಟಿನ ಕಥೆಗಿಂತ ಸ್ಪಷ್ಟ ಸಾಕ್ಷಿ ಇಲ್ಲ. ‘ಜಾಮಾ’ದಲ್ಲಿ ಸಿಗರೇಟ್ ಜಾಹೀರಾತು ಕಾಣಿಸಿಕೊಂಡದ್ದು 1933ರಲ್ಲಿ. ಅಲ್ಲಿಂದ ಸುಮಾರು ಇಪ್ಪತ್ತು ವರ್ಷ ಅದು ನಡೆಯಿತು. 1950ರ ಮೇ ತಿಂಗಳಲ್ಲಿ ಅದೇ ‘ಜಾಮಾ’ ವಿಂಡರ್ ಮತ್ತು ಗ್ರಹಾಂ ಎಂಬಿಬ್ಬರ ಅಧ್ಯಯನ ಪ್ರಕಟಿಸಿತು. ಶ್ವಾಸಕೋಶದ ಕ್ಯಾನ್ಸರ್ ದೃಢಪಟ್ಟ 684 ರೋಗಿಗಳನ್ನು ನೋಡಿ ಧೂಮಪಾನಕ್ಕೂ ಈ ಕ್ಯಾನ್ಸರಿಗೂ ಇರುವ ನಂಟನ್ನು ತೋರಿಸಿದ ಪ್ರಬಂಧವದು. ‘ಬಿಎಂಜೆ’ಯಲ್ಲಿ ಡಾಲ್ ಮತ್ತು ಹಿಲ್ ಅವರ ಪ್ರಬಂಧ ಬಂದದ್ದೂ ಅದೇ ವರ್ಷ. ಆದರೂ ‘ಜಾಮಾ’ ಸಿಗರೇಟ್ ಜಾಹೀರಾತನ್ನು ಕೈಬಿಟ್ಟದ್ದು 1953ರಲ್ಲಿ. ಸಿಗರೇಟು ಕೊಲ್ಲುತ್ತದೆ ಎಂಬ ಪುರಾವೆಯೂ ಸಿಗರೇಟು ಕೊಳ್ಳಿ ಎಂಬ ಆಹ್ವಾನವೂ ಮೂರು ವರ್ಷ ಒಂದೇ ಹೆಸರಿನಡಿ ವೈದ್ಯರ ಮನೆ ತಲುಪಿದವು.

ಇದಕ್ಕಿಂತ ಹಿಂದಿನ ಒಂದು ಅಧ್ಯಾಯ ನೆನಪಿಡಬೇಕಾದದ್ದು. ಗುಟ್ಟಿನ ಸಾಮಗ್ರಿಗಳ ಸರ್ವರೋಗ ನಿವಾರಕಗಳು ಮಾರುಕಟ್ಟೆ ತುಂಬಿದ್ದಾಗ, 1905ರಲ್ಲಿ, ಅಮೆರಿಕದ ವೈದ್ಯರ ಸಂಘ ಔಷಧಗಳನ್ನು ಪರೀಕ್ಷಿಸಲು ಒಂದು ಮಂಡಳಿ ಕಟ್ಟಿತು. ಮಂಡಳಿ ಒಪ್ಪಿದ ಔಷಧಕ್ಕೆ ಮಾತ್ರ ತನ್ನ ಜರ್ನಲ್‌ನಲ್ಲಿ ಜಾಗ ಎಂಬುದು ನಿಯಮ. ಸಂಘವು ಕೊಡುತ್ತಿದ್ದ ಒಪ್ಪಿಗೆ ಮುದ್ರೆಯನ್ನು 1955ರಲ್ಲಿ ನಿಲ್ಲಿಸಲಾಯಿತು. ಆಮೇಲಿನ ವರ್ಷಗಳಲ್ಲಿ ಸಂಘದ ಜಾಹೀರಾತು ಆದಾಯ ಬೆಳೆಯಿತು. ಜರ್ನಲ್‌ಗಳು ಜಾಹೀರಾತನ್ನು ಪರಿಶೀಲಿಸಲಾರವು, ಅದು ಅಸಾಧ್ಯದ ಕೆಲಸ ಎಂದು ಇಂದು ಯಾರಾದರೂ ಹೇಳಿದರೆ, ಅರ್ಧ ಶತಮಾನ ಅದು ನಡೆದಿತ್ತು ಎಂಬುದೇ ಉತ್ತರ.

ಸುಳ್ಳು ಹೇಳದೆ ದಾರಿ ತಪ್ಪಿಸುವ ಬಗೆ

ಔಷಧ ಜಾಹೀರಾತಿನಲ್ಲಿ ಹಸಿ ಸುಳ್ಳು ಅಪರೂಪ. ಕಾನೂನಿನ ಭಯವಿದೆ, ಕಂಪನಿಯ ವಕೀಲರು ಒಂದೊಂದು ಪದವನ್ನೂ ತೂಗಿ ನೋಡಿರುತ್ತಾರೆ. ದಾರಿ ತಪ್ಪುವುದು ಬೇರೆ ಬಗೆಯಲ್ಲಿ.

ಒಂದು ಕಾಲ್ಪನಿಕ ಉದಾಹರಣೆ. ಔಷಧ ತೆಗೆದುಕೊಳ್ಳದ 100 ಜನರಲ್ಲಿ ಐದು ವರ್ಷದಲ್ಲಿ ಇಬ್ಬರಿಗೆ ಹೃದಯಾಘಾತವಾಗುತ್ತದೆ, ತೆಗೆದುಕೊಂಡ 100 ಜನರಲ್ಲಿ ಒಬ್ಬರಿಗೆ ಆಗುತ್ತದೆ ಎಂದುಕೊಳ್ಳಿ. ‘ಹೃದಯಾಘಾತದ ಅಪಾಯ ಶೇ 50ರಷ್ಟು ಕಡಿತ’ ಎಂದು ದಪ್ಪಕ್ಷರದಲ್ಲಿ ಹಾಕಬಹುದು. ಲೆಕ್ಕ ತಪ್ಪಿಲ್ಲ. ‘100 ಜನ ಐದು ವರ್ಷ ದಿನವೂ ನುಂಗಿದರೆ ಒಬ್ಬರಿಗೆ ಲಾಭ’ ಎಂದೂ ಬರೆಯಬಹುದು. ಅದೂ ಅಷ್ಟೇ ನಿಜ. ಎರಡನೆಯದನ್ನು ಓದಿದ ವೈದ್ಯರಿಗೆ ಉಳಿದ 99 ಜನ, ಅವರಿಗೆ ಬರಬಹುದಾದ ಅಡ್ಡಪರಿಣಾಮ, ಅವರು ತೆರುವ ದುಡ್ಡು ಎಲ್ಲ ನೆನಪಾಗುತ್ತದೆ. ಮೊದಲನೆಯದು ಆ ನೆನಪಿಗೆ ಎಡೆ ಕೊಡುವುದಿಲ್ಲ. ಜಾಹೀರಾತಿಗೆ ಸಿಗುವುದು ಯಾವ ವಾಕ್ಯ ಎಂದು ಊಹಿಸುವುದು ಕಷ್ಟವಲ್ಲ.

ಇನ್ನೊಂದು ಬಗೆ ಅಡಿಟಿಪ್ಪಣಿಯದು. ಘೋಷವಾಕ್ಯದ ತಲೆಯ ಮೇಲೆ ಪುಟ್ಟ ಅಂಕಿ, ಪುಟದ ಕೆಳಗೆ ಸಂಶೋಧನಾ ಪ್ರಬಂಧದ ಉಲ್ಲೇಖ. ನೋಡಿದವರಿಗೆ ವಿಜ್ಞಾನದ ಭರವಸೆ. ಸ್ಪೇನ್‌ನ ಸಂಶೋಧಕರು ಈ ಅಂಕಿಗಳ ಬೆನ್ನು ಹತ್ತಿ ಹೋದರು. ಅಲ್ಲಿನ ಜರ್ನಲ್‌ಗಳಲ್ಲಿ 1997ರಲ್ಲಿ ಬಂದ ರಕ್ತದೊತ್ತಡ ಮತ್ತು ಕೊಲೆಸ್ಟರಾಲ್ ಔಷಧಗಳ ಜಾಹೀರಾತುಗಳನ್ನು ಕಲೆಹಾಕಿ, ಉಲ್ಲೇಖಿಸಿದ ಮೂಲ ಪ್ರಬಂಧಗಳನ್ನು ತೆರೆದು ಓದಿದರು. ಅವರ ಫಲಿತಾಂಶ 2003ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂತು: ಶೇ 44.1ರಷ್ಟು ಕಡೆ ಜಾಹೀರಾತು ಹೇಳಿದ್ದಕ್ಕೆ ಆ ಪ್ರಬಂಧದಲ್ಲಿ ಆಧಾರವೇ ಇರಲಿಲ್ಲ. ಹೆಚ್ಚಿನ ಸಲ ಆಗಿದ್ದೇನೆಂದರೆ, ಅಧ್ಯಯನ ನಡೆದದ್ದು ಒಂದು ಬಗೆಯ ರೋಗಿಗಳ ಮೇಲೆ, ಜಾಹೀರಾತು ಶಿಫಾರಸು ಮಾಡಿದ್ದು ಇನ್ನೊಂದು ಬಗೆಯವರಿಗೆ. ದಿನಕ್ಕೆ ಹತ್ತಾರು ರೋಗಿಗಳನ್ನು ನೋಡುವ ವೈದ್ಯರಿಗೆ ಪ್ರತಿ ಅಡಿಟಿಪ್ಪಣಿಯ ಮೂಲ ಹುಡುಕಿ ಓದುವ ಬಿಡುವು ಎಲ್ಲಿಂದ ಬರಬೇಕು?

ಅಮೆರಿಕದಲ್ಲಿ 1962ರ ಕಾನೂನು ತಿದ್ದುಪಡಿಯ ನಂತರ ಇಂಥ ಜಾಹೀರಾತುಗಳ ಮೇಲ್ವಿಚಾರಣೆ ಎಫ್‌ಡಿಎ ಎಂಬ ಔಷಧ ನಿಯಂತ್ರಣ ಸಂಸ್ಥೆಗೆ ಬಂತು. ಲಾಭ ಹೇಳಿದಷ್ಟೇ ಸಮತೂಕದಲ್ಲಿ ಅಪಾಯವನ್ನೂ ಹೇಳಬೇಕು ಎಂಬುದು ನಿಯಮ. ನಿಯಮವೇನೋ ಇದೆ. 2008ರ ನವೆಂಬರಿನ ಸಂಚಿಕೆಗಳಿಂದ 83 ಜಾಹೀರಾತುಗಳನ್ನು ಆರಿಸಿ ನೋಡಿದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಎಫ್‌ಡಿಎ ಮಾರ್ಗಸೂಚಿಗಳಿಗೆ ಪೂರ್ತಿ ಬದ್ಧವಾಗಿದ್ದವು ಅದರಲ್ಲಿ 15. ಗಂಭೀರ ಅಪಾಯಗಳ ಪ್ರಮಾಣ ಎಷ್ಟು ಎಂದು ಅಂಕಿಯಲ್ಲಿ ಹೇಳದವು ಅರ್ಧಕ್ಕಿಂತ ಹೆಚ್ಚು.

ಇದರ ಬೆಲೆ ಜೀವದಲ್ಲಿ ತೆರಬೇಕಾಗಬಹುದು. ಆಕ್ಸಿಕಾಂಟಿನ್ ಎಂಬ ಅಫೀಮು ವರ್ಗದ ನೋವುನಿವಾರಕದ ಜಾಹೀರಾತುಗಳು 2002ರ ಅಕ್ಟೋಬರ್ ಮತ್ತು ನವೆಂಬರ್ ತಿಂಗಳಲ್ಲಿ ‘ಜಾಮಾ’ದಲ್ಲಿ ಬಂದವು. ಪ್ರಾಣಕ್ಕೇ ಕುತ್ತು ತರಬಲ್ಲ ಅಪಾಯಗಳನ್ನು, ದುರ್ಬಳಕೆಯ ಸಾಧ್ಯತೆಯನ್ನು ಜಾಹೀರಾತಿನ ಮುಖ್ಯ ಭಾಗದಲ್ಲಿ ಹೇಳಿಲ್ಲ ಎಂದು ಎಫ್‌ಡಿಎ 2003ರ ಜನವರಿಯಲ್ಲಿ ಪರ್ಡ್ಯೂ ಕಂಪನಿಗೆ ಎಚ್ಚರಿಕೆ ಪತ್ರ ಬರೆಯಿತು. ಪತ್ರ ಹೋಗುವ ಹೊತ್ತಿಗೆ ಸಂಚಿಕೆ ಓದುಗರ ಕೈಸೇರಿ ತಿಂಗಳುಗಳಾಗಿದ್ದವು. ನಿಯಂತ್ರಕರು ಬರುವುದು ಯಾವಾಗಲೂ ಪ್ರಕಟಣೆಯ ಬಳಿಕ. ಪ್ರಕಟಣೆಗೆ ಮೊದಲು ತಡೆಯಬಲ್ಲ ಜಾಗದಲ್ಲಿ ಕೂತವರು ಜರ್ನಲ್‌ನವರು.

1992: ಜಂತೆ ಎಣಿಸಿದ ಜರ್ನಲ್

‘ಉಂಡ ಮನೆಯ ಜಂತೆ ಎಣಿಸಬಾರದು’ ಎಂಬ ಗಾದೆಯಿದೆ. ಅನ್ನ ಹಾಕಿದ ಮನೆಯ ಲೋಪ ಹುಡುಕಬಾರದು ಎಂಬುದು ಸಂಬಂಧಗಳಲ್ಲಿ ಒಳ್ಳೆಯ ನಡತೆ. ಆದರೆ ವೈದ್ಯಕೀಯ ಜರ್ನಲ್ ಇರುವುದೇ ಜಂತೆ ಎಣಿಸಲು. ಈ ಔಷಧ ಹೇಳಿದಷ್ಟು ಕೆಲಸ ಮಾಡುತ್ತದೆಯೇ, ಅಪಾಯ ಮುಚ್ಚಿಟ್ಟಿದ್ದಾರೆಯೇ ಎಂದು ಕೇಳುವುದು ಅದರ ಉದ್ಯೋಗ. ಊಟ ಹಾಕುವವರೇ ಔಷಧ ಕಂಪನಿಯಾದರೆ ಏನಾಗುತ್ತದೆ ಎಂಬುದು 1992ರಲ್ಲಿ ಸ್ಪಷ್ಟವಾಗಿ ಕಂಡಿತು.

‘ಅನಲ್ಸ್ ಆಫ್ ಇಂಟರ್ನಲ್ ಮೆಡಿಸಿನ್’ ಅಮೆರಿಕದ ದೊಡ್ಡ ಜರ್ನಲ್‌ಗಳಲ್ಲಿ ಒಂದು. ರಾಬರ್ಟ್ ಮತ್ತು ಸುಝಾನ್ ಫ್ಲೆಚರ್ ದಂಪತಿ ಅದರ ಸಂಪಾದಕರಾಗಿದ್ದರು. ಆ ವರ್ಷದ ಜೂನ್‌ನಲ್ಲಿ ಅವರು ಒಂದು ಅಧ್ಯಯನ ಪ್ರಕಟಿಸಿದರು. ಹತ್ತು ಪ್ರಮುಖ ಜರ್ನಲ್‌ಗಳಿಂದ 109 ಪೂರ್ಣಪುಟ ಔಷಧ ಜಾಹೀರಾತುಗಳನ್ನು ಆರಿಸಿ, ಒಂದೊಂದನ್ನೂ ಆಯಾ ಕ್ಷೇತ್ರದ ಇಬ್ಬರು ವೈದ್ಯರಿಗೂ ಒಬ್ಬ ಔಷಧಶಾಸ್ತ್ರ ತಜ್ಞರಿಗೂ ಕೊಟ್ಟು, ಸಂಶೋಧನಾ ಪ್ರಬಂಧವನ್ನು ಪರಿಶೀಲಿಸುವಂತೆಯೇ ಪರಿಶೀಲಿಸಿ ಎಂದು ಕೇಳಲಾಗಿತ್ತು. ಪ್ರಬಂಧಕ್ಕಿರುವ ಅಳತೆಗೋಲನ್ನು ಪಕ್ಕದ ಪುಟಕ್ಕೂ ಹಿಡಿದರೆ ಏನಾಗುತ್ತದೆ ಎಂಬ ಸರಳ ಪ್ರಶ್ನೆ.

ಬಂದ ಉತ್ತರ ಇದು. ಈ ಜಾಹೀರಾತನ್ನೇ ನಂಬಿ ಔಷಧ ಬರೆದರೆ ತಪ್ಪು ಚಿಕಿತ್ಸೆಯಾಗುತ್ತದೆ ಎಂದು ಪರಿಶೀಲಕರಿಗೆ ಅನಿಸಿದ್ದು ಶೇ 44ರಷ್ಟು ಜಾಹೀರಾತುಗಳಲ್ಲಿ. ಲಾಭ ಮತ್ತು ಅಡ್ಡಪರಿಣಾಮಗಳ ನಡುವೆ ಸಮತೋಲನ ಇಲ್ಲದ್ದು ಶೇ 40ರಲ್ಲಿ. ಶೇ 28ನ್ನು ಪ್ರಕಟಿಸಲೇಬಾರದು ಎಂದೂ ಇನ್ನೂ ಶೇ 34ನ್ನು ದೊಡ್ಡ ತಿದ್ದುಪಡಿ ಇಲ್ಲದೆ ಹಾಕಬಾರದು ಎಂದೂ ಅವರು ಹೇಳಿದರು.

ಆಮೇಲೆ ಕಂಪನಿಗಳು ‘ಅನಲ್ಸ್’ನಿಂದ ಜಾಹೀರಾತು ಹಿಂತೆಗೆದುಕೊಳ್ಳತೊಡಗಿದವು. ನಷ್ಟ 10ರಿಂದ 15 ಲಕ್ಷ ಡಾಲರ್ ಎಂಬುದು ಅಂದಾಜು. ಫ್ಲೆಚರ್ ದಂಪತಿ 1993ರಲ್ಲಿ ಹುದ್ದೆ ಬಿಟ್ಟರು. ಬಿಡಲು ಇದೊಂದೇ ಕಾರಣ ಎಂದು ಹೇಳಲಾಗದು. ಆದರೆ ಉಳಿದ ಸಂಪಾದಕರಿಗೆ ಮುಟ್ಟಬೇಕಾದ ಸಂದೇಶ ಮುಟ್ಟಿತ್ತು.

ಇಲ್ಲಿ ಕಾರ್ಯಕಾರಣದ ಸರಪಳಿಯನ್ನು ನಿಧಾನವಾಗಿ ನೋಡಬೇಕು. ಯಾವ ಕಂಪನಿಯೂ ಫೋನ್ ಮಾಡಿ ‘ಈ ಲೇಖನ ಹಾಕಬೇಡಿ’ ಎಂದು ಬೆದರಿಸಬೇಕಾಗಿಲ್ಲ. ಒಂದು ಸಲ ಒಬ್ಬರಿಗೆ ಆದದ್ದನ್ನು ಎಲ್ಲರೂ ನೋಡಿದರೆ ಸಾಕು. ಮುಂದಿನ ಸಲ ಇಂಥ ಅಧ್ಯಯನ ಮೇಜಿಗೆ ಬಂದಾಗ ಯಾರೂ ಹೇಳದಿದ್ದರೂ ಕೈ ಹಿಂಜರಿಯುತ್ತದೆ. ಪುರಾವೆ ಉಳಿಯದ ಒತ್ತಡ ಇದು. ಪ್ರಕಟವಾಗದ ಲೇಖನವನ್ನು ಯಾರೂ ಎಣಿಸಲಾರರು.

ಕೆಲವೊಮ್ಮೆ ಮಾತ್ರ ಅದು ಬಾಯಿಬಿಟ್ಟೇ ಹೊರಬಂದಿದೆ. ಮೂತ್ರಪಿಂಡ ರೋಗಿಗಳ ರಕ್ತಹೀನತೆಗೆ ಕೊಡುವ ಎಪೊಯೆಟಿನ್ ಎಂಬ ದುಬಾರಿ ಔಷಧದ ಬಳಕೆಯನ್ನು ಪ್ರಶ್ನಿಸುವ ಸಂಪಾದಕೀಯ ಬರಹವೊಂದನ್ನು 2004ರಲ್ಲಿ ‘ಡಯಾಲಿಸಿಸ್ ಆಂಡ್ ಟ್ರಾನ್ಸ್‌ಪ್ಲಾಂಟೇಶನ್’ ಎಂಬ ಜರ್ನಲ್ ತಿರಸ್ಕರಿಸಿತು. ತಮಗೆ ಪ್ರಕಟಿಸುವ ಮನಸ್ಸಿದ್ದರೂ ಮಾರ್ಕೆಟಿಂಗ್ ವಿಭಾಗ ತಮ್ಮ ಮಾತನ್ನು ತಳ್ಳಿಹಾಕಿತು ಎಂಬರ್ಥದಲ್ಲಿ ಸಂಪಾದಕರೇ ಲೇಖಕರಿಗೆ ಬರೆದರು. ವಿಷಯ ಬಯಲಾಗಿ ಟೀಕೆ ಬಂದ ಮೇಲೆ ಜರ್ನಲ್ ಮನಸ್ಸು ಬದಲಿಸಿತು. ಬಯಲಾಗದೇ ಹೋಗಿದ್ದರೆ ಬದಲಿಸಲು ಕಾರಣವೇ ಇರುತ್ತಿರಲಿಲ್ಲ.

ಜರ್ಮನಿಯ ಸಂಶೋಧಕರು ಇದೇ ಪ್ರಶ್ನೆಯನ್ನು ಇನ್ನೊಂದು ದಿಕ್ಕಿನಿಂದ ಕೇಳಿದರು. ವೈದ್ಯರಿಗೆ ಉಚಿತವಾಗಿ ತಲುಪುವ, ಜಾಹೀರಾತಿನಿಂದಲೇ ಬದುಕುವ ಪತ್ರಿಕೆಗಳನ್ನೂ ಚಂದಾ ಹಣದಿಂದ ನಡೆಯುವ ಪತ್ರಿಕೆಗಳನ್ನೂ ಪಕ್ಕಪಕ್ಕ ಇಟ್ಟು, ಕೆಲವು ಹೊಸ ಔಷಧಗಳ ಬಗ್ಗೆ ಅವುಗಳ ಲೇಖನಗಳು ಏನು ಹೇಳುತ್ತವೆ ಎಂದು ನೋಡಿದರು. 2011ರಲ್ಲಿ ಕೆನಡಾದ ವೈದ್ಯಕೀಯ ಸಂಘದ ಜರ್ನಲ್‌ನಲ್ಲಿ ಬಂದ ಫಲಿತಾಂಶದ ಪ್ರಕಾರ ಉಚಿತ ಪತ್ರಿಕೆಗಳು ಬಹುತೇಕ ಯಾವಾಗಲೂ ‘ಬಳಸಿ’ ಎನ್ನುತ್ತಿದ್ದವು. ಚಂದಾ ಪತ್ರಿಕೆಗಳ ಒಲವು ‘ಬೇಡ’ ಎನ್ನುವ ಕಡೆಗಿತ್ತು. ಔಷಧ ಅದೇ, ಪುರಾವೆ ಅದೇ, ವೈದ್ಯರು ಅವರೇ. ಬೇರೆಯಾಗಿದ್ದದ್ದು ಪತ್ರಿಕೆಗೆ ಅನ್ನ ಹಾಕುವವರು.

‘ನಾವು ಮರುಳಾಗುವುದಿಲ್ಲ’

ಹೆಚ್ಚಿನ ವೈದ್ಯರನ್ನು ಕೇಳಿದರೆ ಜಾಹೀರಾತು ಪುಟವನ್ನು ತಿರುವಿ ಹಾಕುತ್ತೇವೆ, ಅದರಿಂದ ಏನೂ ಕಲಿಯುವುದಿಲ್ಲ ಎನ್ನುತ್ತಾರೆ. ಅವರು ಪ್ರಾಮಾಣಿಕವಾಗಿಯೇ ಹಾಗೆ ನಂಬಿರುತ್ತಾರೆ. 1982ರಲ್ಲಿ ಜೆರ್ರಿ ಏವೊರ್ನ್ ಮತ್ತು ಸಂಗಡಿಗರು ಬಾಸ್ಟನ್ ಪ್ರದೇಶದ 85 ವೈದ್ಯರನ್ನು ಮಾತನಾಡಿಸಿ ಈ ನಂಬಿಕೆಯನ್ನು ಪರೀಕ್ಷಿಸಿದರು. ಆರಿಸಿಕೊಂಡದ್ದು ಜಾಣ ದಾರಿ: ವಿಜ್ಞಾನ ಒಂದು ಹೇಳುವ, ಜಾಹೀರಾತು ಇನ್ನೊಂದು ಹೇಳುವ ಔಷಧಗಳ ಬಗ್ಗೆ ವೈದ್ಯರ ಅಭಿಪ್ರಾಯ ಕೇಳುವುದು. ನಾವು ನೆಚ್ಚುವುದು ಸಂಶೋಧನಾ ಪ್ರಬಂಧಗಳನ್ನು ಎಂದೇ ಹೆಚ್ಚಿನವರು ಹೇಳಿದರು. ಆದರೆ ಪ್ರೊಪಾಕ್ಸಿಫೀನ್ ಎಂಬ ನೋವುನಿವಾರಕ ಆಸ್ಪಿರಿನ್‌ಗಿಂತ ಪ್ರಬಲ ಎಂದು ಸುಮಾರು ಅರ್ಧದಷ್ಟು ವೈದ್ಯರು ನಂಬಿದ್ದರು. ಅಧ್ಯಯನಗಳು ಅದಕ್ಕೆ ಬೆಂಬಲ ಕೊಟ್ಟಿರಲಿಲ್ಲ. ಹಾಗೆ ಹೇಳುತ್ತಿದ್ದದ್ದು ಮಾರಾಟ ಪ್ರಚಾರ. ಆ ಔಷಧ 2010ರಲ್ಲಿ ಹೃದಯದ ಮೇಲಿನ ಪರಿಣಾಮದ ಕಾರಣಕ್ಕೆ ಅಮೆರಿಕದ ಮಾರುಕಟ್ಟೆಯಿಂದ ಹೊರಟುಹೋಯಿತು. ಮಾಹಿತಿ ಎಲ್ಲಿಂದ ಬಂತೆಂಬುದನ್ನು ಮನಸ್ಸು ಮರೆಯುತ್ತದೆ, ಮಾಹಿತಿಯನ್ನು ಇಟ್ಟುಕೊಳ್ಳುತ್ತದೆ. ವೈದ್ಯರೂ ಮನುಷ್ಯರೇ.

ಇನ್ನೊಂದು ಸಾಕ್ಷಿ ಬಂದದ್ದು ಪ್ರಕಾಶಕರ ಕಡೆಯಿಂದಲೇ. ವೈದ್ಯಕೀಯ ಪ್ರಕಾಶಕರ ಸಂಘಟನೆಯೊಂದಕ್ಕಾಗಿ 2001ರಲ್ಲಿ ನಡೆದ ವಿಶ್ಲೇಷಣೆ, ಜರ್ನಲ್ ಜಾಹೀರಾತಿಗೆ ಹಾಕಿದ ಒಂದು ಡಾಲರಿಗೆ ಸುಮಾರು ಐದು ಡಾಲರ್ ಹುಟ್ಟುತ್ತದೆ ಎಂದಿತು. ಲೆಕ್ಕ ಮಾಡಿಸಿದವರಿಗೆ ಅದರಲ್ಲಿ ಆಸಕ್ತಿ ಇತ್ತು, ಅಂಕಿಯನ್ನು ಎಚ್ಚರದಿಂದಲೇ ಓದಬೇಕು. ಆದರೂ ಕಂಪನಿಗಳ ಮುಂದೆ ‘ನಮ್ಮಲ್ಲಿ ಜಾಹೀರಾತು ಹಾಕಿ, ಔಷಧ ಬರೆಯುವವರು ಹೆಚ್ಚುತ್ತಾರೆ’ ಎಂದೂ ಸಾರ್ವಜನಿಕರ ಮುಂದೆ ‘ವೈದ್ಯರ ಮೇಲೆ ಜಾಹೀರಾತಿನ ಪರಿಣಾಮ ಇಲ್ಲ’ ಎಂದೂ ಹೇಳಲು ಬಾರದು. ಎರಡರಲ್ಲಿ ಒಂದು ಮಾತ್ರ ನಿಜವಾಗಬಲ್ಲದು.

ಇರಲಿ ಎನ್ನುವವರ ವಾದ

ಜಾಹೀರಾತು ಇರಲಿ ಎನ್ನುವವರೆಲ್ಲ ಕಂಪನಿಗಳ ಕಡೆಯವರಲ್ಲ. ಜಾಹೀರಾತಿನಿಂದಾಗಿ ಚಂದಾ ದರ ಇಳಿಯುತ್ತದೆ, ಹೆಚ್ಚು ವೈದ್ಯರಿಗೆ ಜರ್ನಲ್ ತಲುಪುತ್ತದೆ ಎಂಬ ವಾದದಲ್ಲಿ ತಿರುಳಿದೆ. ಸಣ್ಣ ಸಂಘಗಳ ಜರ್ನಲ್‌ಗಳಿಗಂತೂ ಇದು ಅಳಿವು ಉಳಿವಿನ ಮಾತು. ಹೊಸ ಔಷಧ ಬಂದಿದೆ ಎಂಬ ಸುದ್ದಿ ವೈದ್ಯರಿಗೆ ಬೇಗ ಮುಟ್ಟುತ್ತದೆ ಎಂಬುದು ಇನ್ನೊಂದು ವಾದ. ಹೊಸದು ಅಂದಮಾತ್ರಕ್ಕೆ ಹಳೆಯದಕ್ಕಿಂತ ಮೇಲು ಎಂದಾಗುವುದಿಲ್ಲವಾದ್ದರಿಂದ ಇದಕ್ಕೆ ಅಷ್ಟು ತೂಕವಿಲ್ಲ.

ಗಟ್ಟಿಯಾದ ವಾದ ಬರುವುದು ಟೀಕಾಕಾರರ ಸಾಲಿನಿಂದಲೇ. ಜಾಹೀರಾತು ಕಂಪನಿಗಳ ಪ್ರಭಾವದ ಅತ್ಯಂತ ಕಡಿಮೆ ಅಪಾಯಕಾರಿ ರೂಪ ಎಂದು ರಿಚರ್ಡ್ ಸ್ಮಿತ್ ಹೇಳಿದರು. ಅದು ಜಾಹೀರಾತು ಎಂದು ಎಲ್ಲರಿಗೂ ಗೊತ್ತು, ಬಣ್ಣ ವಿನ್ಯಾಸಗಳಲ್ಲೇ ಬೇರೆಯಾಗಿ ಕಾಣುತ್ತದೆ, ಓದುಗರು ಅನುಮಾನದಿಂದಲೇ ಓದಬಹುದು. ಜರ್ನಲ್‌ನ ಮೊಹರು ಹೊತ್ತು ಬರುವ ಸಂಶೋಧನಾ ಪ್ರಬಂಧಕ್ಕೆ ಆ ಅನುಮಾನ ಹತ್ತಿರ ಸುಳಿಯುವುದಿಲ್ಲ. ಮಾರಾಟಕ್ಕೆ ಹೆಚ್ಚು ನೆರವಾಗುವುದು ಆ ಪ್ರಬಂಧವೇ.

ಈ ಮಾತು ನನಗೆ ಸರಿ ಎನಿಸುತ್ತದೆ. ಆದರೆ ಅದು ಜಾಹೀರಾತಿಗೆ ಕೊಟ್ಟ ಕ್ಷಮಾಪತ್ರವಲ್ಲ. ಒಂದೇ ಕಂಪನಿ ಒಂದೇ ಜರ್ನಲ್‌ಗೆ ಎರಡು ದಾರಿಯಿಂದ ದುಡ್ಡು ಕೊಡುತ್ತಿದೆ ಎಂಬುದನ್ನು ಅದು ತೋರಿಸುತ್ತದೆ, ಮತ್ತು ಎರಡನೆಯ ದಾರಿ ಮೊದಲನೆಯದಕ್ಕಿಂತ ಕತ್ತಲು.

ಜಾಹೀರಾತು ಎಂದು ಬರೆಯದ ಜಾಹೀರಾತು

ಆ ಕತ್ತಲು ದಾರಿಯ ಹೆಸರು ರೀಪ್ರಿಂಟ್. ಕಂಪನಿಯ ಔಷಧಕ್ಕೆ ಅನುಕೂಲವಾದ ಪ್ರಯೋಗದ ವರದಿ ದೊಡ್ಡ ಜರ್ನಲ್‌ನಲ್ಲಿ ಬಂದರೆ ಕಂಪನಿ ಅದರ ಸಾವಿರಾರು, ಲಕ್ಷಾಂತರ ಪ್ರತಿಗಳನ್ನು ಜರ್ನಲ್‌ನಿಂದಲೇ ಕೊಂಡು ಮೆಡಿಕಲ್ ರೆಪ್‌ಗಳ ಕೈಲಿ ವೈದ್ಯರಿಗೆ ಹಂಚುತ್ತದೆ.

‘ನ್ಯೂ ಇಂಗ್ಲೆಂಡ್ ಜರ್ನಲ್’ 2000ದ ನವೆಂಬರ್‌ನಲ್ಲಿ ಪ್ರಕಟಿಸಿದ ‘ವಿಗರ್’ ಪ್ರಯೋಗದ ಪ್ರಬಂಧ ಇದಕ್ಕೆ ಹೆಸರಾದ ಉದಾಹರಣೆ. ಮರ್ಕ್ ಕಂಪನಿಯ ವಯಾಕ್ಸ್ ಎಂಬ ಸಂಧಿನೋವಿನ ಔಷಧವನ್ನು ಹಳೆಯದೊಂದು ಔಷಧದ ಜೊತೆ ಹೋಲಿಸಿ, ವಯಾಕ್ಸ್ ಹೊಟ್ಟೆಗೆ ಹೆಚ್ಚು ಸುರಕ್ಷಿತ ಎಂದು ಆ ಪ್ರಬಂಧ ಹೇಳಿತ್ತು. ಮರ್ಕ್ ಅದರ 9 ಲಕ್ಷಕ್ಕೂ ಹೆಚ್ಚು ಪ್ರತಿಗಳನ್ನು ಕೊಂಡಿತು. ಆ ಪ್ರಯೋಗದಲ್ಲೇ ವಯಾಕ್ಸ್ ತೆಗೆದುಕೊಂಡವರಲ್ಲಿ ಹೃದಯಾಘಾತ ಹೆಚ್ಚು ಕಂಡಿತ್ತು. ಹೃದಯಕ್ಕೆ ಆಗುವ ಹಾನಿ ಖಚಿತವಾಗಿ 2004ರ ಸೆಪ್ಟೆಂಬರ್ 30ರಂದು ಔಷಧವನ್ನು ಮಾರುಕಟ್ಟೆಯಿಂದ ಹಿಂತೆಗೆದುಕೊಳ್ಳಲಾಯಿತು. ಪ್ರಬಂಧದಲ್ಲಿ ಮೂರು ಹೃದಯಾಘಾತಗಳ ಲೆಕ್ಕ ಬಿಟ್ಟುಹೋಗಿದೆ ಎಂದು ಜರ್ನಲ್ ತನ್ನ ಓದುಗರಿಗೆ ಕಳವಳದ ಪ್ರಕಟಣೆ ಕೊಟ್ಟದ್ದು 2005ರ ಡಿಸೆಂಬರ್‌ನಲ್ಲಿ. ಹಂಚಿಹೋದ 9 ಲಕ್ಷ ಪ್ರತಿಗಳ ಬೆನ್ನಟ್ಟಿ ಹೋಗಿ ತಿದ್ದುಪಡಿ ತಲುಪಿಸಲು ದಾರಿ ಇಲ್ಲ.

ರೀಪ್ರಿಂಟ್ ಆದಾಯ ಎಷ್ಟು ದೊಡ್ಡದು? 2010ರಲ್ಲಿ ‘ಪ್ಲಾಸ್ ಮೆಡಿಸಿನ್’ನಲ್ಲಿ ಬಂದ ಡೆನ್ಮಾರ್ಕಿನ ಸಂಶೋಧಕರ ಅಧ್ಯಯನದ ಪ್ರಕಾರ 2005-06ರಲ್ಲಿ ‘ಲ್ಯಾನ್ಸೆಟ್’ನ ಆದಾಯದ ಶೇ 41 ಇದರಿಂದ ಬಂದಿತ್ತು. ‘ಬಿಎಂಜೆ’ಗೆ ಶೇ 3. ಎರಡರ ನಡುವಿನ ಈ ಅಂತರವೇ ಹೇಳುತ್ತದೆ, ಇದು ತಪ್ಪಿಸಿಕೊಳ್ಳಲಾರದ ವಿಧಿಯಲ್ಲ, ಜರ್ನಲ್ ಆರಿಸಿಕೊಳ್ಳುವ ದಾರಿ ಎಂದು.

ಇನ್ನೂ ಕೆಳಗಿನ ಮೆಟ್ಟಿಲೊಂದಿದೆ. ವಯಾಕ್ಸ್ ಮೊಕದ್ದಮೆ ಆಸ್ಟ್ರೇಲಿಯಾದಲ್ಲಿ ನಡೆಯುತ್ತಿದ್ದಾಗ, 2009ರಲ್ಲಿ, ಸಂಧಿ ಮತ್ತು ಮೂಳೆ ರೋಗಗಳ ‘ಜರ್ನಲ್’ ಒಂದು ಬೆಳಕಿಗೆ ಬಂತು. ನೋಡಲು ತಜ್ಞರ ಪರಿಶೀಲನೆಗೆ ಒಳಪಟ್ಟ ಜರ್ನಲ್‌ನಂತೆಯೇ ಇತ್ತು. ದುಡ್ಡು ಕೊಟ್ಟದ್ದು ಮರ್ಕ್, ಮುದ್ರಿಸಿದ್ದು ಎಲ್ಸೆವಿಯರ್, ಒಳಗಿದ್ದವು ಬಹುಪಾಲು ಮರ್ಕ್ ಔಷಧಗಳಿಗೆ ಅನುಕೂಲವಾದ ಬರಹಗಳು. 2000 ಮತ್ತು 2005ರ ನಡುವೆ ಇಂಥ ಆರು ಪ್ರಕಟಣೆಗಳನ್ನು ತಂದದ್ದನ್ನು ಎಲ್ಸೆವಿಯರ್ ಒಪ್ಪಿಕೊಂಡು ವಿಷಾದ ವ್ಯಕ್ತಪಡಿಸಿತು. ಜಾಹೀರಾತಿಗೂ ವಿಜ್ಞಾನಕ್ಕೂ ನಡುವಿನ ಗೋಡೆಯನ್ನು ಇಟ್ಟಿಗೆ ಇಟ್ಟಿಗೆಯಾಗಿ ತೆಗೆಯುತ್ತ ಹೋದರೆ ಕೊನೆಗೆ ತಲುಪುವ ಜಾಗ ಇದು.

ನಿಯಮ ಏನು ಹೇಳುತ್ತದೆ

ವೈದ್ಯಕೀಯ ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯ ಶಿಫಾರಸುಗಳು ಸ್ಪಷ್ಟವಾಗಿಯೇ ಇವೆ. ಜಾಹೀರಾತು ಸಂಪಾದಕೀಯ ನಿರ್ಧಾರದ ಮೇಲೆ ಪ್ರಭಾವ ಬೀರಬಾರದು. ಯಾವ ಜಾಹೀರಾತು ಹಾಕಬೇಕು ಎಂಬುದರಲ್ಲಿ ಕೊನೆಯ ಮಾತು ಸಂಪಾದಕರದ್ದು. ಒಂದು ಔಷಧದ ಲೇಖನದ ಪಕ್ಕದಲ್ಲೇ ಅದೇ ಔಷಧದ ಜಾಹೀರಾತು ಬರುವಂತಿಲ್ಲ. ಇಂಥ ಲೇಖನ ಬರುವ ಸಂಚಿಕೆಯಲ್ಲೇ ಜಾಗ ಕೊಡುತ್ತೇವೆ ಎಂದು ಜಾಹೀರಾತು ಮಾರುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ 1988ರಲ್ಲೇ ಔಷಧ ಪ್ರಚಾರಕ್ಕೆ ನೈತಿಕ ಮಾನದಂಡಗಳನ್ನು ಹೊರತಂದಿದೆ.

ಇವು ಜಾಗದ ನಿಯಮಗಳು: ಯಾವ ಪುಟ, ಯಾರ ಪಕ್ಕ, ಎಷ್ಟು ದೂರ. ಜಾಹೀರಾತು ಹೇಳುತ್ತಿರುವುದು ನಿಜವೇ ಎಂದು ಪ್ರಬಂಧದಷ್ಟೇ ಬಿಗಿಯಾಗಿ ಪರೀಕ್ಷಿಸುವ ಹೊಣೆಯನ್ನು ಅವು ಹೊರಿಸುವುದಿಲ್ಲ. ಪ್ರಬಂಧಕ್ಕೆ ತಿಂಗಳುಗಟ್ಟಲೆ ಜರಡಿ ಹಿಡಿದು, ಪಕ್ಕದ ಪುಟಕ್ಕೆ ದರಪಟ್ಟಿ ಮಾತ್ರ ಹಿಡಿಯುವುದನ್ನು ಯಾವ ತರ್ಕದಿಂದಲೂ ಸಮರ್ಥಿಸಲಾಗದು. ಎರಡೂ ಪುಟಗಳನ್ನು ಓದುವ ವೈದ್ಯರು ಒಬ್ಬರೇ, ಚೀಟಿ ಒಂದೇ.

ಜರ್ನಲ್ ಆನ್‌ಲೈನ್‌ಗೆ ಹೋದ ಮೇಲೆ ಈ ಜಾಗದ ನಿಯಮಗಳೂ ಸಡಿಲವಾಗುತ್ತಿವೆ. ಮುದ್ರಿತ ಸಂಚಿಕೆ ಎಲ್ಲರಿಗೂ ಒಂದೇ, ತಪ್ಪು ಜಾಹೀರಾತು ಬಂದರೆ ಯಾರಾದರೂ ಎತ್ತಿ ತೋರಿಸಬಹುದು. ತೆರೆಯ ಮೇಲಿನ ಜಾಹೀರಾತು ಓದುಗರನ್ನು ನೋಡಿ ಬದಲಾಗಬಲ್ಲದು, ಕ್ಷಣದಲ್ಲಿ ಮಾಯವಾಗಬಲ್ಲದು. 2003ರಲ್ಲಿ ಸ್ಪೇನ್‌ನವರು ಮಾಡಿದಂಥ ಅಧ್ಯಯನ ಮಾಡಲು ಹಳೆಯ ಸಂಚಿಕೆಗಳ ರಾಶಿ ಸಾಕಿತ್ತು. ನಾಳೆಯ ಸಂಶೋಧಕರಿಗೆ ಅಂಥ ರಾಶಿಯೇ ಉಳಿದಿರುವುದಿಲ್ಲ.

ಬಿಟ್ಟು ಬದುಕಿದವರು

ಔಷಧ ಜಾಹೀರಾತಿಲ್ಲದೆ ಜರ್ನಲ್ ನಡೆಯದು ಎಂಬ ಮಾತಿಗೆ ಎದುರು ಉದಾಹರಣೆಗಳು ಬೇಕಷ್ಟಿವೆ. ಅಮೆರಿಕದ ‘ಮೆಡಿಕಲ್ ಲೆಟರ್’ 1959ರಿಂದ ಚಂದಾದಾರರನ್ನೇ ನೆಚ್ಚಿ ಬಂದಿದೆ. ಫ್ರಾನ್ಸಿನ ‘ಪ್ರೆಸ್ಕ್ರೀರ್’ಗೂ ಜಾಹೀರಾತಿಲ್ಲ. ‘ಪ್ಲಾಸ್ ಮೆಡಿಸಿನ್’ 2004ರಲ್ಲಿ ಶುರುವಾದಾಗಲೇ ಔಷಧ ಮತ್ತು ವೈದ್ಯಕೀಯ ಸಾಧನಗಳ ಜಾಹೀರಾತು ಬೇಡವೆಂದಿತು. ‘ಎಮರ್ಜೆನ್ಸಿ ಮೆಡಿಸಿನ್ ಆಸ್ಟ್ರಲೇಷಿಯಾ’ 2011ರಲ್ಲಿ ಔಷಧ ಜಾಹೀರಾತು ನಿಲ್ಲಿಸಿತು. ‘ಬಿಎಂಜೆ’ 2019ರಲ್ಲಿ ತಾಯಿಹಾಲಿಗೆ ಬದಲಿಯಾದ ಶಿಶು ಆಹಾರದ ಜಾಹೀರಾತುಗಳನ್ನು ಕೈಬಿಟ್ಟಿತು. ಜಾಹೀರಾತು ಬೇಕೇ ಬೇಕೆಂದರೆ ಕಾರು, ಪ್ರವಾಸ, ಕೈಗಡಿಯಾರಗಳದ್ದನ್ನು ಹಾಕಿ, ವೈದ್ಯರು ಬರೆದುಕೊಡುವ ಸರಕನ್ನು ಮಾತ್ರ ಬಿಡಿ ಎಂಬ ಸಲಹೆಯೂ 2006ರಿಂದ ಚರ್ಚೆಯಲ್ಲಿದೆ. ಕಾರಿನ ಕಂಪನಿ ಮುನಿಸಿಕೊಂಡರೂ ಹೃದಯರೋಗದ ಪ್ರಬಂಧಕ್ಕೆ ಏನೂ ಆಗುವುದಿಲ್ಲ.

ಬಿಟ್ಟವರಿಗೂ ಬೇರೆ ತಲೆನೋವು ಇಲ್ಲದಿಲ್ಲ. ಲೇಖಕರ ಶುಲ್ಕದಿಂದ ನಡೆಯುವ ಜರ್ನಲ್‌ಗೆ ಪ್ರಬಂಧಗಳ ಸಂಖ್ಯೆ ಹೆಚ್ಚಿದಷ್ಟೂ ಆದಾಯ, ಹಾಗಾಗಿ ಜರಡಿ ಸಡಿಲಿಸುವ ಆಸೆ ಹುಟ್ಟುತ್ತದೆ. ಆ ಶುಲ್ಕ ಕಂಪನಿಗೆ ಹೊರೆಯಲ್ಲ, ಅನುದಾನವಿಲ್ಲದ ಸಂಶೋಧಕರಿಗೆ ಹೊರೆ. ಇರುವುದರಲ್ಲಿ ಚಂದಾದಾರರೇ ಸಾಕುವ ಮಾದರಿ ಮೇಲು ಎಂದು ನನಗನಿಸುತ್ತದೆ, ಅಲ್ಲಿ ಊಟ ಹಾಕುವವರೂ ಓದುವವರೂ ಒಬ್ಬರೇ ಆದ್ದರಿಂದ. ಅದೂ ಚಂದಾ ಕೊಡಲಾರದವರನ್ನು ಹೊರಗಿಡುತ್ತದೆ.

ಸರ್ಕಾರಿ ಜರ್ನಲ್ ಎಂಬ ಮದ್ದು

ಈಗ ಕೆನಡಿ ಅವರ ಮಾತಿಗೆ ಮರಳೋಣ. ರೋಗ ಇದೆ, ಅದರ ದಾಖಲೆಗಳನ್ನು ಬರೆದಿಟ್ಟವರು ಸಂಪಾದಕರು ಮತ್ತು ಸಂಶೋಧಕರು, ಬಹುಪಾಲು ಇದೇ ಜರ್ನಲ್‌ಗಳ ಪುಟಗಳಲ್ಲಿ. ‘ಅನಲ್ಸ್’ ಅಧ್ಯಯನ ‘ಅನಲ್ಸ್’ನಲ್ಲೇ ಬಂತು, ಸ್ಪೇನ್‌ನ ಅಧ್ಯಯನ ‘ಲ್ಯಾನ್ಸೆಟ್’ನಲ್ಲಿ. ಪೂರ್ತಿ ಕೊಳ್ಳಲ್ಪಟ್ಟ ಪತ್ರಿಕೆಯಲ್ಲಿ ಇವು ಬೆಳಕು ಕಾಣುತ್ತಿರಲಿಲ್ಲ. ಔಷಧ ಜಾಹೀರಾತು ಇದೆ ಎಂಬ ಕಾರಣಕ್ಕೆ ಆ ಜರ್ನಲ್‌ನಲ್ಲಿ ಬಂದ ಲಸಿಕೆ ಪ್ರಬಂಧವೂ ಸುಳ್ಳು ಎಂದಾಗುವುದಿಲ್ಲ. ಒಂದೊಂದು ಪ್ರಬಂಧವನ್ನೂ ಅದರದ್ದೇ ಪುರಾವೆಯ ಮೇಲೆ ತೂಗಬೇಕು.

ಸರ್ಕಾರಿ ಜರ್ನಲ್ ಬಂದರೆ ಆಗುವುದೇನು? ಊಟ ಹಾಕುವವರು ಬದಲಾಗುತ್ತಾರೆ, ಅಷ್ಟೇ. ಸಚಿವರ ಇಲಾಖೆಯ ಹಣದಲ್ಲಿ ನಡೆಯುವ ಜರ್ನಲ್ ಆ ಇಲಾಖೆಯ ಲಸಿಕಾ ನೀತಿ ತಪ್ಪು ಎನ್ನುವ ಪ್ರಬಂಧವನ್ನು ಯಾವ ಧೈರ್ಯದಿಂದ ಪ್ರಕಟಿಸೀತು? ಕಂಪನಿಗಳು ಹಲವು, ಅವುಗಳ ನಡುವೆ ಪೈಪೋಟಿಯಿದೆ. ಒಂದು ಮುನಿಸಿಕೊಂಡರೆ ಇನ್ನೊಂದು ಉಳಿಯುತ್ತದೆ. ಸರ್ಕಾರ ಒಂದೇ. ಇನ್ನೊಂದು ಪರಿಣಾಮವೂ ಇದೆ. ಸರ್ಕಾರಿ ಹಣದಿಂದ ನಡೆಯುವ ಸಂಶೋಧನೆ ದೊಡ್ಡ ಜರ್ನಲ್‌ಗಳಿಂದ ಹೊರನಡೆದರೆ ಅಲ್ಲಿ ಉಳಿಯುವ ಪ್ರಬಂಧಗಳಲ್ಲಿ ಕಂಪನಿಗಳ ಪಾಲು ಇನ್ನಷ್ಟು ಹೆಚ್ಚುತ್ತದೆ. ಹಿಡಿತ ಸಡಿಲಿಸಲು ಹೊರಟ ಕ್ರಮವೇ ಅದನ್ನು ಬಿಗಿ ಮಾಡುತ್ತದೆ.

ಜರ್ನಲ್‌ಗಳು ಯಾರ ಅಪ್ಪಣೆಗೂ ಕಾಯದೆ ನಾಳೆಯೇ ಮಾಡಬಹುದಾದ ಕೆಲಸವೊಂದಿದೆ. ಡೆನ್ಮಾರ್ಕಿನ ಸಂಶೋಧಕರು 2010ರ ಅಧ್ಯಯನಕ್ಕೆ ಆರು ದೊಡ್ಡ ಜರ್ನಲ್‌ಗಳನ್ನು ಆರಿಸಿಕೊಂಡಿದ್ದರು. ರೀಪ್ರಿಂಟ್ ಆದಾಯದ ಪಾಲು ಹೊರಗೆ ಬಂದದ್ದು ‘ಲ್ಯಾನ್ಸೆಟ್’ ಮತ್ತು ‘ಬಿಎಂಜೆ’ ಎರಡರದ್ದೇ. ಪ್ರಬಂಧ ಕಳಿಸುವ ಲೇಖಕರಿಂದ ಸಂಪಾದಕರ ಸಮಿತಿಯ ನಮೂನೆ ಕಳೆದ 36 ತಿಂಗಳಲ್ಲಿ ಯಾವ ಕಂಪನಿಯಿಂದ ಏನು ಪಡೆದಿರಿ ಎಂಬ ವಿವರ ಕೇಳುತ್ತದೆ. ಅದೇ ನಮೂನೆಯನ್ನು ಜರ್ನಲ್ ತಾನೂ ತುಂಬಿ, ಯಾವ ಕಂಪನಿಯ ಜಾಹೀರಾತಿನಿಂದ ಎಷ್ಟು, ಯಾವ ಪ್ರಬಂಧದ ರೀಪ್ರಿಂಟ್‌ನಿಂದ ಎಷ್ಟು ಎಂದು ವರ್ಷಕ್ಕೊಮ್ಮೆ ಓದುಗರ ಮುಂದಿಡಬಹುದು. ಅದಕ್ಕೆ ಕಾನೂನು ಬೇಡ, ಸಚಿವರೂ ಬೇಡ, ಒಂದು ಪುಟ ಸಾಕು.